ಕಳಚುವ ಸ್ಟೀರಿಂಗ್ ಆರಿಸುವ ಮೊದಲು

ಗಲ್ಫಿನಿಂದ ಬಂದ ಪೆಟ್ಟಿಗೆ ಬಿಚ್ಚುವಾಗ ಮನೆಯವರೆಲ್ಲ ಸುತ್ತ ಕೂತಿರ್ತಾರೆ. ಹಾಲಿನ ಪುಡಿ, ಅತ್ತರು, ಮಕ್ಕಳಿಗೆ ಚಾಕಲೇಟು, ಯಾರಿಗೋ ಒಂದು ಟಾರ್ಚ್. ಹೋದ ವರ್ಷ ನಮ್ಮ ಅಕ್ಕನ ಮನೆಯಲ್ಲಿ ಅಂಥದೊಂದು ಪೆಟ್ಟಿಗೆಯ ಅಡಿಯಿಂದ ಕೆಂಪು ಬಣ್ಣದ, ಅಂಗೈಯಷ್ಟಗಲದ, ಭಾರದ ಒಂದು ಲೋಹದ ಸಾಮಾನು ಹೊರಬಂತು. ಅಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಂತ, ಕುಕ್ಕರಿನ ಭಾಗವಾ?" ಅಂತ ಕೇಳಿದರು. ಅಕ್ಕನ ಮಗ ಅದನ್ನು ಎದೆಗೆ ಅವುಚಿಕೊಂಡು, "ಉಮ್ಮಾ, ಇದು ಸ್ಟೀರಿಂಗಿನ ಕ್ವಿಕ್ ರಿಲೀಸ್ ಹಬ್. ಅಣ್ಣನ ಹತ್ರ ಹೇಳಿ ತರಿಸಿದ್ದು. ಇದನ್ನು ಹಾಕಿದ್ರೆ ಸ್ಟೀರಿಂಗನ್ನು ಒಂದೇ ಸೆಕೆಂಡಿನಲ್ಲಿ ಕಳಚಿ ಕೈಯಲ್ಲಿ ಹಿಡ್ಕೊಳ್ಬಹುದು" ಅಂದ.

"ಹೋಗ್ತಾ ಇರುವಾಗ ಕಳಚಿ ಬಂದ್ರೆ?" ಅಂತ ಕೇಳಿದ್ದು ನಾವು. ಎಲ್ಲರೂ ನಕ್ಕರು. ಮದ್ರಸದಲ್ಲಿ ಪಾಠ ಹೇಳುವವರಿಗೆ ಗಾಡಿ ವಿಷಯ ಎಂತ ಗೊತ್ತು ಅಂತ ಇರಬೇಕು. ಗೊತ್ತಿರಲಿಲ್ಲ, ನಿಜವೇ. ಆಮೇಲೆ ಕಲಿಯಬೇಕಾಗಿ ಬಂತು. ಕರಾವಳಿಯ ಈ ಕಡೆ ಮಳೆ ಬಿತ್ತು ಅಂದ್ರೆ ಒಂದಲ್ಲ ಒಂದು ಗದ್ದೆಯಲ್ಲಿ ಕೆಸರಿನ ರ್‍ಯಾಲಿ, ಆಟೋಕ್ರಾಸ್, ಜೀಪಿನ ಆಫ್‌ರೋಡ್ ಇದ್ದೇ ಇರ್ತದೆ. ನಮ್ಮ ಹುಡುಗರು ಅಲ್ಲಿ ಇರ್ತಾರೆ. ಬೇಡ ಅಂದ್ರೆ ಹೇಳದೆ ಹೋಗ್ತಾರೆ. ಹಾಗಾಗಿ ಬೇಡ ಅನ್ನುವ ಬದಲು, ಯಾವುದು ಹಾಕಬೇಕು, ಎಲ್ಲಿ ಹಾಕಬೇಕು, ಎಲ್ಲಿ ಖಂಡಿತ ಹಾಕಬಾರದು ಎಂಬುದನ್ನು ಮನೆಯವರೂ ತಿಳಿದಿರಬೇಕು ಎಂಬುದು ನಮ್ಮ ಅಭಿಪ್ರಾಯ.

ಮೊದಲು ಈ ವಸ್ತು ಯಾಕೆ ಹುಟ್ಟಿತು ಅಂತ ನೋಡೋಣ. ರೇಸ್ ಕಾರಿನೊಳಗೆ ಕಬ್ಬಿಣದ ಪೈಪಿನ ರೋಲ್ ಕೇಜ್ ಇರ್ತದೆ, ಮೈಯನ್ನು ಬಿಗಿಯಾಗಿ ಹಿಡಿಯುವ ಬಕೆಟ್ ಸೀಟ್ ಇರ್ತದೆ. ಸ್ಟೀರಿಂಗ್ ಅದರ ಜಾಗದಲ್ಲಿದ್ದರೆ ಒಳಗೆ ಹೋಗಲಿಕ್ಕೂ ಕಷ್ಟ, ಬೆಂಕಿ ಹತ್ತಿದಾಗ ಹೊರಗೆ ಬರಲಿಕ್ಕೂ ಕಷ್ಟ. ಫಾರ್ಮುಲಾ ಒನ್‌ನಲ್ಲಿ ಬಹುಕಾಲ ಇದ್ದ ನಿಯಮವೇ ಹೀಗೆ: ಚಾಲಕ ಸ್ಟೀರಿಂಗ್ ಒಂದನ್ನು ಮಾತ್ರ ತೆಗೆದು 5 ಸೆಕೆಂಡಿನೊಳಗೆ ಹೊರಗೆ ಬರಬೇಕು, ಒಟ್ಟು 10 ಸೆಕೆಂಡಿನೊಳಗೆ ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿರಬೇಕು. ಮತ್ತೆ ಕೂರಿಸುವುದು ಯಾಕೆಂದರೆ, ಸ್ಟೀರಿಂಗ್ ಇಲ್ಲದ ಕಾರನ್ನು ಟ್ರ್ಯಾಕಿನಿಂದ ಆಚೆ ದೂಡಿಕೊಂಡು ಹೋಗಲಿಕ್ಕೆ ಆಗುವುದಿಲ್ಲ. 2018ರಲ್ಲಿ ಚಾಲಕನ ತಲೆಯ ಮೇಲೆ ಹೇಲೊ ಎಂಬ ಕಮಾನು ಬಂದಾಗ ಆ ಸಮಯವನ್ನು ಸ್ವಲ್ಪ ಸಡಿಲಿಸಿದರು.

ಆಫ್‌ರೋಡ್ ಜೀಪಿನಲ್ಲೂ ಇದೇ ಕತೆ. ಹಳ್ಳದಲ್ಲಿ ಮಗುಚಿ ಬಿದ್ದ ಗಾಡಿಯೊಳಗೆ ನೀರು ನುಗ್ಗುವಾಗ ಎದೆಗೂ ಸ್ಟೀರಿಂಗಿಗೂ ನಡುವೆ ಸಿಕ್ಕಿಕೊಂಡವನಿಗೆ ಅದು ಥಟ್ಟನೆ ಕಳಚಿ ಬಂದರೆ ಜೀವ ಉಳಿದ ಹಾಗೆ. ಆದ್ದರಿಂದ ಈ ಸಾಮಾನು ಶೋಕಿ ಅಂತ ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಆದರೆ ನಮ್ಮ ಹುಡುಗರಲ್ಲಿ ಹೆಚ್ಚಿನವರು ಇದನ್ನು ಆರಿಸುವುದು ಬಣ್ಣ ನೋಡಿ, ವಿಡಿಯೋ ನೋಡಿ. ಅಲ್ಲಿಗೆ ಬಂತು ತಾಪತ್ರಯ.

ಆ ಕೆಂಪು ಹಬ್ಬನ್ನು ಹುಡುಗ ಅವನ ಜಿಪ್ಸಿಗೆ ಹಾಕಿಸಿದ. ಹಳೇ ಮಾರುತಿ ಜಿಪ್ಸಿ. ಮೊದಲ ದಿನ ಎಲ್ಲರಿಗೂ ಕಳಚಿ ತೋರಿಸಿದ್ದೇ ತೋರಿಸಿದ್ದು, ಅಂಗಡಿಯ ಮುಂದೆ ಕೂಡ. ಮೂರು ತಿಂಗಳು ಕಳೆಯಿತು. ಮಳೆಗಾಲದ ಒಂದು ಭಾನುವಾರ ಕೆಸರಿನ ಟ್ರ್ಯಾಕಿನಲ್ಲಿ ಎರಡನೇ ಗೇರಿನಲ್ಲಿ ಹೋಗ್ತಾ ಇದ್ದಾನೆ, ಮುಂದಿನ ಚಕ್ರ ಒಂದು ಗುಂಡಿಗೆ ಇಳಿದು ಎದ್ದಿತು, ಸ್ಟೀರಿಂಗ್ ಪೂರ್ತಿ ಅವನ ಕೈಗೆ ಬಂತು. ಗಾಡಿ ತನ್ನಷ್ಟಕ್ಕೆ ಹೋಗಿ ಗದ್ದೆಯ ಕಟ್ಟಪುಣಿಗೆ ಗುದ್ದಿ ನಿಂತಿತು. ಹೆಲ್ಮೆಟ್ ಇತ್ತು, ಬೆಲ್ಟ್ ಇತ್ತು, ವೇಗ ಕಡಿಮೆ ಇತ್ತು. ಅವನಿಗೆ ಏನೂ ಆಗಲಿಲ್ಲ, ಅಲ್‌ಹಮ್ದುಲಿಲ್ಲಾಹ್. ನಮಗೆ ರಾತ್ರಿ ನಿದ್ದೆ ಬಾರದೆ ಹೋದದ್ದು ಆ ವಿಷಯಕ್ಕಲ್ಲ. ಅದೇ ಜಿಪ್ಸಿಯಲ್ಲಿ, ಅದೇ ಹಬ್ಬು ಇರುವಾಗಲೇ, ಎರಡು ದಿನ ಮೊದಲು ಅಕ್ಕ, ಸೊಸೆ, ಇಬ್ಬರು ಮಕ್ಕಳು ಮದುವೆಗೆ ಹೋಗಿ ಬಂದಿದ್ದರು. ಹೆದ್ದಾರಿಯಲ್ಲಿ.

ಮರುದಿನ ಹುಡುಗನನ್ನೂ ಹಬ್ಬನ್ನೂ ಕರೆದುಕೊಂಡು ನಮ್ಮ ಪರಿಚಯದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಹಿಂದೆ ರ್‍ಯಾಲಿ ಗಾಡಿಗಳಿಗೆ ಕೆಲಸ ಮಾಡಿದವರು. ಅವರು ಹಬ್ಬಿನ ಎರಡು ಭಾಗಗಳನ್ನು ಕೂಡಿಸಿ, ಒಂದನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಎಡಕ್ಕೆ ಬಲಕ್ಕೆ ಅಲುಗಿಸಿ, "ಕೇಳಿ ಉಸ್ತಾದ್ರೇ" ಅಂದರು. ಟಿಕ್ ಟಿಕ್ ಅಂತ ಸಣ್ಣ ಶಬ್ದ. "ಇದಕ್ಕೆ ಪ್ಲೇ ಅಂತ ಹೇಳೋದು. ಹೊಸತಿರುವಾಗ ಇಷ್ಟಿರ್ಲಿಕ್ಕಿಲ್ಲ. ಕಲ್ಲಿಗೆ ಚಕ್ರ ಬಡಿದಾಗೆಲ್ಲ ಪೆಟ್ಟು ಶಾಫ್ಟಿನಲ್ಲಿ ಮೇಲೆ ಬಂದು ಇಲ್ಲಿಗೇ ಬೀಳ್ತದೆ. ಸ್ವಲ್ಪ ಸ್ವಲ್ಪ ತಿಂತದೆ."

ಆ ದಿನ ಅವರು ಹೇಳಿದ್ದನ್ನೂ ಆಮೇಲೆ ನಾವು ಕೇಳಿ, ಓದಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ ಹೀಗೆ. ಹಬ್ಬಿಗೆ ಎರಡು ಕೆಲಸ. ಒಂದು, ಕೈ ತಿರುಗಿಸಿದ ಬಲವನ್ನು ಶಾಫ್ಟಿಗೆ ದಾಟಿಸುವುದು. ಎರಡು, ಸ್ಟೀರಿಂಗ್ ನಮ್ಮ ಎದೆಯ ಕಡೆಗೆ ಜಾರಿ ಬಾರದ ಹಾಗೆ ಹಿಡಿದುಕೊಳ್ಳುವುದು. ಈ ಎರಡು ಕೆಲಸಗಳನ್ನು ಯಾವ ಭಾಗ ಮಾಡ್ತದೆ ಅಂತ ನೋಡಿದರೆ ಹಬ್ಬಿನ ಯೋಗ್ಯತೆ ಗೊತ್ತಾಗ್ತದೆ.

ಸ್ಪ್ಲೈನ್ ಇರುವ ಹಬ್ಬಿನಲ್ಲಿ ಒಂದು ಭಾಗದ ಹೊರಗೆ ಸುತ್ತ ಹಲ್ಲುಗಳು, ಇನ್ನೊಂದು ಭಾಗದ ಒಳಗೆ ಅದಕ್ಕೆ ಸರಿಯಾದ ಗಾಡಿಗಳು. ಇಷ್ಟು ಹಲ್ಲುಗಳು ಒಟ್ಟಿಗೆ ಬಲ ಹಂಚಿಕೊಳ್ಳುವುದರಿಂದ ಒಂದೇ ಕಡೆ ಸವೆಯುವುದಿಲ್ಲ. ಷಟ್ಕೋನದ ಹಬ್ಬು ಸ್ಪ್ಯಾನರಿಗೆ ನಟ್ಟು ಕೂತ ಹಾಗೆ, ಆರು ಮೂಲೆ ಮಾತ್ರ. ಮೂಲೆ ಸವೆದ ನಟ್ಟಿಗೆ ಸ್ಪ್ಯಾನರ್ ಹಾಕಿದವರಿಗೆ ಮುಂದಿನದ್ದನ್ನು ಹೇಳಬೇಕಾಗಿಲ್ಲ. ಮೂರನೆಯದ್ದು ನಮ್ಮ ಹುಡುಗ ಹಾಕಿಸಿದ ಜಾತಿ. ಒಳಗೆ ಸಣ್ಣ ಉಕ್ಕಿನ ಬಾಲುಗಳು, ಅವು ಒಂದು ಕುಳಿಗೆ ಇಳಿದು ಹಿಡಿದುಕೊಳ್ತವೆ, ತಿರುಗುವ ಬಲಕ್ಕೆ ಕೆಲವೇ ಪಿನ್ನುಗಳು ಆಧಾರ. ಒಳ್ಳೆಯ ಕಂಪನಿಯವರು ಅಳತೆಯಲ್ಲಿ ಕೂದಲೆಳೆಯೂ ತಪ್ಪದೆ ಮಾಡಿದ್ದಾದರೆ ಇದೂ ಟಾರಿನ ಟ್ರ್ಯಾಕಿನಲ್ಲಿ ನಡೆದೀತು. ನಕಲಿ ಮಾಲಿನಲ್ಲಿ, ಅದೂ ಕೆಸರಿನಲ್ಲಿ, ಇಲ್ಲ. ಆ ಭಾನುವಾರ ಆದದ್ದು ಅದೇ. ಹಬ್ಬು ತುಂಡಾಗಿರಲಿಲ್ಲ. ಬಾಲು ಕೂರುವ ಕುಳಿಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು, ಬಾಲು ಅರ್ಧಕ್ಕೆ ನಿಂತಿತ್ತು, ಹುಡುಗ ಅವಸರದಲ್ಲಿ ದೂಡಿ ಹೊರಟಿದ್ದ. ಮೇಲಿಂದ ನೋಡಿದರೆ ಲಾಕ್ ಆದ ಹಾಗೆಯೇ ಕಾಣ್ತಿತ್ತು.

ಹಾಗಾದರೆ ಅಂಗಡಿಯಲ್ಲಿ ಎಂತ ಕೇಳಬೇಕು? ನಮ್ಮ ಲೆಕ್ಕದಲ್ಲಿ ಕೆಸರಿಗೆ, ಕಲ್ಲಿಗೆ ಹೋಗುವವರು ಸ್ಪ್ಲೈನ್ ಹಬ್ಬು ಬಿಟ್ಟು ಬೇರೆ ನೋಡಲೇಬಾರದು. ಹಲ್ಲುಗಳಲ್ಲಿ ಒಂದು ಉಳಿದವಕ್ಕಿಂತ ಬೇರೆ ಇರುವುದನ್ನು ಆರಿಸಿ. ಆಗ ಸ್ಟೀರಿಂಗ್ ಒಂದೇ ದಿಕ್ಕಿನಲ್ಲಿ ಕೂರ್ತದೆ. ಇಲ್ಲದಿದ್ದರೆ ಗಡಿಬಿಡಿಯಲ್ಲಿ ಒಂದು ಹಲ್ಲು ಆಚೆ ಕೂತು, ಚಕ್ರ ನೇರ ಇರುವಾಗ ಸ್ಟೀರಿಂಗ್ ಓರೆ ಇರ್ತದೆ. ಕಳಚುವ ಬಳೆ ಎದೆಯ ಕಡೆಗೆ ಎಳೆದರೆ ಬಿಡುವಂಥದ್ದಾಗಿರಲಿ, ಗ್ಲೌಸ್ ಹಾಕಿದ ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ. ಅಂಗೈ ತಾಗಿದರೆ ಒತ್ತಿಹೋಗುವ ಬಟನ್ನಿನದ್ದು ನಮಗೆ ಸಮಾಧಾನ ಇಲ್ಲ.

ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯಲ್ಲಿ ಈ ಹಬ್ಬುಗಳಿಗೇ ಅಂತ ಒಂದು ಮಾನದಂಡ ಉಂಟು, 42.1 ಅದರ ಸಂಖ್ಯೆ. ಆ ಗುರುತು ಇದೆಯಾ ನೋಡಿ. ವಿಶ್ವದ ಮೋಟಾರ್ ಸ್ಪರ್ಧೆಗಳನ್ನು ನೋಡಿಕೊಳ್ಳುವ ಎಫ್‌ಐಎ ತನ್ನ ನಿಯಮದಲ್ಲಿ ಕಳಚುವ ಬಳೆ ಹಳದಿ ಬಣ್ಣದ್ದಿರಬೇಕು ಅಂತ ಹೇಳ್ತದೆ, ಅದನ್ನು ಸ್ಟೀರಿಂಗಿನ ಅಕ್ಷದ ನೇರಕ್ಕೆ ಎಳೆದರೆ ಬಿಡಬೇಕು ಅಂತಲೂ. ಹಳದಿ ಯಾಕೆಂದರೆ, ಚಾಲಕನಿಗೆ ಪ್ರಜ್ಞೆ ಇಲ್ಲದಿದ್ದರೆ ಓಡಿ ಬಂದವನ ಕಣ್ಣಿಗೆ ಮೊದಲು ಅದು ಬೀಳಬೇಕು. ನಮ್ಮ ಹುಡುಗನ ಕೆಂಪಿಗೆ ಅರ್ಥವೇ ಇರಲಿಲ್ಲ. ಹಾಗಂತ ಹಳದಿ ಬಣ್ಣ ಬಳಿದದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಬಣ್ಣಕ್ಕೂ ಸ್ಟಿಕ್ಕರಿಗೂ ನಕಲಿ ಮಾಡುವವನಿಗೆ ಎಷ್ಟು ಖರ್ಚು? ನಮ್ಮ ದೇಶದಲ್ಲಿ ಎಫ್‌ಎಂಎಸ್‌ಸಿಐ ಮಾನ್ಯತೆ ಇರುವ ಸ್ಪರ್ಧೆಗಳಲ್ಲಿ ಓಡುವ ಮೊದಲು ಗಾಡಿಯ ತಪಾಸಣೆ ಇರ್ತದೆ. ದುಡ್ಡು ಹಾಕುವ ಮೊದಲು ತಾವು ಓಡುವ ವಿಭಾಗದ ನಿಯಮ ಓದಿಕೊಳ್ಳುವುದು ಲಾಭ.

ಹಬ್ಬು ಒಳ್ಳೆಯದಿದ್ದು ಕೂರಿಸಿದ್ದು ಕೆಟ್ಟಿದ್ದರೆ ಪ್ರಯೋಜನ ಇಲ್ಲ. ಪ್ರತಿಯೊಂದು ಗಾಡಿಯ ಸ್ಟೀರಿಂಗ್ ಶಾಫ್ಟಿಗೂ ಅದರದೇ ಹಲ್ಲಿನ ಲೆಕ್ಕ, ಅದರದೇ ದಪ್ಪ. ಜಿಪ್ಸಿಯ ಅಡಾಪ್ಟರ್ ಥಾರಿಗೆ ಬರುವುದಿಲ್ಲ. "ಸ್ವಲ್ಪ ಲೂಸ್ ಉಂಟು, ನಟ್ ಟೈಟ್ ಮಾಡಿದ್ರೆ ಸರಿಯಾಗ್ತದೆ" ಅಂತ ಯಾರಾದರೂ ಹೇಳಿದರೆ ಗಾಡಿ ತೆಗೆದುಕೊಂಡು ಮನೆಗೆ ಬನ್ನಿ. ಹಳೆಯ ಸ್ಟೀರಿಂಗನ್ನು ಪುಲ್ಲರ್ ಹಾಕಿ ಎಳೆಯಬೇಕು, ಸುತ್ತಿಗೆಯಿಂದ ಬಡಿಯಬಾರದು. ಅಪಘಾತದಲ್ಲಿ ಒಳಗೆ ಕುಸಿಯುವ ಹಾಗೆ ಮಾಡಿದ ಸ್ಟೀರಿಂಗ್ ಕಾಲಮ್ಮು ಬಡಿತಕ್ಕೆ ಹಾಳಾಗ್ತದೆ. ವೆಲ್ಡ್ ಮಾಡಿ ಕೂರಿಸುವ ಹಬ್ಬೂ ಉಂಟು. ಅದು ಪೂರ್ತಿ ಸ್ಪರ್ಧೆಗೇ ಕಟ್ಟಿದ ಗಾಡಿಗೆ, ಅದೂ ಪಳಗಿದ ಕೈಯ ವೆಲ್ಡರ್ ಇದ್ದರೆ ಮಾತ್ರ. ಗೇಟು, ಗ್ರಿಲ್ಲು ಮಾಡುವಲ್ಲಿ ಕೊಟ್ಟು ಮಾಡಿಸುವ ಕೆಲಸ ಅಲ್ಲ.

ಸ್ಟೀರಿಂಗಿನ ಬೋಲ್ಟುಗಳ ಅಳತೆಯನ್ನೂ ನೋಡಿ. ಮೊಮೊ, ಸ್ಪಾರ್ಕೊ, ಓಎಂಪಿ ಇವೆಲ್ಲ ಸಾಮಾನ್ಯವಾಗಿ ಆರು ಬೋಲ್ಟು, 70 ಮಿಲಿಮೀಟರ್ ವೃತ್ತ. ನಾರ್ಡಿಯದ್ದು 74. ನಾಲ್ಕೇ ಮಿಲಿಮೀಟರ್ ಅಲ್ವಾ ಅಂತ ತೂತನ್ನು ಅರದಿಂದ ಉಜ್ಜಿ ಅಗಲ ಮಾಡುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ, ಸಾವು ಮಾರಾಯ್ರೇ! ಇನ್ನು ಹಬ್ಬು, ಅಡಾಪ್ಟರ್ ಸೇರಿದರೆ ಸ್ಟೀರಿಂಗ್ ಎರಡು-ಮೂರು ಇಂಚು ಎದೆಯ ಕಡೆಗೆ ಬರ್ತದೆ. ಸೀಟನ್ನು ಅದಕ್ಕೆ ಸರಿಯಾಗಿ ಹಿಂದೆ ಮಾಡದಿದ್ದರೆ ಮೊಣಕೈ ಮಡಚಲಿಕ್ಕೆ ಜಾಗ ಇಲ್ಲ. ಹಾರ್ನಿನ ವಯರ್ ಮರೆಯಬೇಡಿ.

ಹಾಕಿದ ಮೇಲೆ ಮಾಡಬೇಕಾದ ಒಂದು ಕೆಲಸವನ್ನು ಮೆಕ್ಯಾನಿಕ್ ಹುಡುಗನಿಂದ ಹತ್ತು ಸಲ ಮಾಡಿಸಿದರು, ನಾವು ಮಕ್ಕಳಿಂದ ಪಾಠ ಒಪ್ಪಿಸಿಕೊಳ್ಳುವ ಹಾಗೆ. ಸ್ಟೀರಿಂಗ್ ಕೂರಿಸು, ಟಕ್ ಶಬ್ದ ಕೇಳು, ಬಳೆ ಪೂರ್ತಿ ಹಿಂದೆ ಹೋಗಿದೆಯಾ ನೋಡು, ಎರಡೂ ಕೈಯಿಂದ ಎದೆಗೆ ಎಳೆ, ಎಡಕ್ಕೆ ಬಲಕ್ಕೆ ಅಲುಗಿಸು. ಟಿಕ್ ಅಂದ್ರೆ ಇಂಜಿನ್ ಸ್ಟಾರ್ಟ್ ಮಾಡಬೇಡ. ಕೆಸರಿನಿಂದ ಬಂದ ಮೇಲೆ ಎರಡೂ ಭಾಗ ತೊಳೆದು, ಹಳೇ ಟೂತ್ ಬ್ರಶ್ಶಿನಿಂದ ಉಜ್ಜಿ ಒಣಗಿಸಬೇಕು. ದಪ್ಪ ಗ್ರೀಸ್ ಮೆತ್ತಿದರೆ ಮರಳು ಅದಕ್ಕೇ ಅಂಟಿ ಹಲ್ಲನ್ನು ಅರೆದುಹಾಕ್ತದೆ. ಕಳಚುವುದನ್ನೂ ಕಣ್ಣು ಮುಚ್ಚಿ, ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು ಅಭ್ಯಾಸ ಮಾಡಬೇಕು. ಮಗುಚಿದ ಗಾಡಿಯಲ್ಲಿ ತಲೆಕೆಳಗಾಗಿ ನೇತಾಡುವವನಿಗೆ ಬಳೆ ಎಲ್ಲಿದೆ ಅಂತ ಹುಡುಕಲಿಕ್ಕೆ ಹೊತ್ತಿರುವುದಿಲ್ಲ.

ಇಷ್ಟೆಲ್ಲ ಸ್ಪರ್ಧೆಯ ಗಾಡಿಗೆ. ಈಗ ಮನೆಯ ಕಾರಿನ ವಿಷಯ. ಇಲ್ಲಿ ನಮ್ಮದು ಒಂದೇ ಮಾತು: ಬೇಡ.

2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದು ಇರುವುದು ಸ್ಟೀರಿಂಗಿನ ನಡುವೆ. ಕ್ವಿಕ್ ರಿಲೀಸ್ ಹಾಕಬೇಕಾದರೆ ಮೊದಲು ಆ ಸ್ಟೀರಿಂಗನ್ನು ಏರ್‌ಬ್ಯಾಗಿನ ಸಮೇತ ಕಿತ್ತು ಮೂಲೆಗೆ ಇಡಬೇಕು. ಆಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಉರೀತದೆ. ಅದನ್ನು ಆರಿಸಲಿಕ್ಕೆ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸುವ ಉಪಾಯವೂ ಕೆಲವು ಕಡೆ ಉಂಟು. ದೀಪ ಆರಿದರೆ ಏರ್‌ಬ್ಯಾಗ್ ವಾಪಸ್ ಬಂತಾ? ಆ ಕಾರಿನಲ್ಲಿ ಮಗನನ್ನು ನಂಬಿ ಕೂರುವ ಉಮ್ಮನಿಗೆ ಇದು ಗೊತ್ತಿರುವುದಿಲ್ಲ. ಅವರಿಗೆ ಕಾಣುವುದು ಹೊಳೆಯುವ ಹೊಸ ಸ್ಟೀರಿಂಗ್.

ಕಾನೂನೂ ಇದನ್ನು ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ ಎಂದಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಸಜೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಮಾಲೀಕ ಎಂದರೆ ಯಾರು? ಆರ್‌ಸಿಯಲ್ಲಿ ಹೆಸರಿರುವವರು. ನಮ್ಮ ಎಷ್ಟೋ ಮನೆಗಳಲ್ಲಿ ಆ ಹೆಸರು ದಮ್ಮಾಮಿನಲ್ಲೋ ದುಬೈಯಲ್ಲೋ ದುಡಿಯುವ ತಂದೆಯದ್ದು, ಇಲ್ಲಾಂದ್ರೆ ಅಡುಗೆಮನೆಯಲ್ಲಿರುವ ತಾಯಿಯದ್ದು. ಅಪಘಾತ ಆದರೆ ವಿಮೆಯವರು ಈ ಬದಲಾವಣೆಯನ್ನೇ ಹಿಡಿದುಕೊಂಡು ಮಾತಾಡ್ತಾರೆ. ನಮ್ಮ ಜಿಪ್ಸಿಯಲ್ಲಿ ಏರ್‌ಬ್ಯಾಗ್ ಇರಲೇ ಇಲ್ಲವಲ್ಲ ಅಂತ ಹುಡುಗ ವಾದಿಸಿದ. ಏರ್‌ಬ್ಯಾಗ್ ಇಲ್ಲದಿದ್ದರೆ ಸ್ಟೀರಿಂಗ್ ಕಳಚಿ ಬರಬಹುದು ಅಂತ ಅರ್ಥವಾ?

ಗಲ್ಫಿನಲ್ಲಿರುವ ಸಹೋದರರಿಗೂ ಎರಡು ಮಾತು. ಶಾರ್ಜಾದ ಸನಾಯದಲ್ಲಿ ಗಾಡಿಯ ಹಳೇ ಸಾಮಾನು ಸಿಗದ್ದು ಇಲ್ಲ. ತಮ್ಮ ಕೇಳಿದ ಅಂತ ನಮ್ಮವರು ರಜೆಯ ದಿನ ಹೋಗಿ ಹುಡುಕಿ ತರ್ತಾರೆ. ಪ್ರೀತಿಯಿಂದಲೇ ಕಳಿಸುವುದು, ಅದರಲ್ಲಿ ಸಂಶಯ ಇಲ್ಲ. ಆದರೆ ಹಬ್ಬನ್ನು ಮಾತ್ರ ಸೆಕೆಂಡ್ ಹ್ಯಾಂಡ್ ತರಬೇಡಿ. ಎಷ್ಟು ಮರಳು ತಿಂದಿದೆ, ಎಷ್ಟು ಸಲ ಪೆಟ್ಟು ತಿಂದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಹೊಸತಾದರೂ ಹಲ್ಲಿನ ಫೋಟೋ, ಮಾನದಂಡದ ಗುರುತಿನ ಫೋಟೋ ಮೊದಲು ಊರಿಗೆ ಕಳಿಸಿ, ಮೆಕ್ಯಾನಿಕ್‌ಗೆ ತೋರಿಸಿ, ಆಮೇಲೆ ದುಡ್ಡು ಕೊಡಿ. ಅಲ್ಲಿಯ ಪೊಲೀಸರು ಅನುಮತಿ ಇಲ್ಲದೆ ಮಾಡಿಫೈ ಮಾಡಿದ ಗಾಡಿಯನ್ನು ಹೇಗೆ ನೋಡ್ತಾರೆ ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಅಲ್ಲಿ ಹಾಕಲಿಕ್ಕೆ ಹೆದರುವ ಸಾಮಾನನ್ನು ಊರಿನ ರಸ್ತೆಗೆ ಯಾಕೆ ಕಳಿಸುವುದು?

ನಮ್ಮ ಮನೆಯಲ್ಲಿ ಕೊನೆಗೆ ಹೀಗೆ ಮಾತಾಯಿತು. ಜಿಪ್ಸಿ ಇನ್ನು ಸ್ಪರ್ಧೆಗೆ ಮಾತ್ರ, ಗ್ರೌಂಡಿಗೆ ಹೋಗುವುದು ಪಿಕಪ್ಪಿನ ಮೇಲೆ. ಬಾಡಿಗೆಯನ್ನು ಮೂವರು ಹುಡುಗರು ಹಂಚಿಕೊಳ್ತಾರೆ. ಮನೆಯವರು ಓಡಾಡಲಿಕ್ಕೆ ಹಳೇ ಆಲ್ಟೋ, ಅದರ ಸ್ಟೀರಿಂಗಿಗೆ ಕವರ್ ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ. "ಹೊಸ ಹಬ್ಬಿಗೆ ತುಂಬ ದುಡ್ಡಾಗ್ತದೆ ಮಾಮ" ಅಂತ ಹುಡುಗ ರಾಗ ಎಳೆದ. ಅವನ ಜಿಪ್ಸಿಗೆ ಹಾಕಿಸಿದ ಹಾಡು ಕೇಳುವ ಸೆಟ್ಟಿಗೆ ಎಷ್ಟಾಗಿತ್ತು ಅಂತ ಕೇಳಿದೆವು. ಆ ಸೆಟ್ ಮಾರಿ, ಸಾಲದ್ದಕ್ಕೆ ಅಕ್ಕ ಸ್ವಲ್ಪ ಕೊಟ್ಟರು. ಅವರು ಕೊಟ್ಟದ್ದು ನಮಗೆ ಆಶ್ಚರ್ಯ. "ಹೇಗೂ ಹೋಗ್ತಾನೆ, ಒಳ್ಳೇದನ್ನೇ ಹಾಕಿ ಹೋಗ್ಲಿ" ಅಂದರು.

ಕೆಂಪು ಹಬ್ಬು ಈಗ ನಮ್ಮ ಮದ್ರಸದ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕ ಉಂಟು. ಪ್ಲೇ ಅಂದ್ರೆ ಎಂತ ಅಂತ ಕೈಯಲ್ಲಿ ಹಿಡಿದು ನೋಡಬೇಕು ಅನ್ನುವ ತಂದೆ ತಾಯಂದಿರು, ಹುಡುಗರು ಬಂದು ಅಲುಗಿಸಿ ನೋಡಬಹುದು. ಬೆಳಗ್ಗೆ ತರಗತಿಯ ಹೊತ್ತು ಬಿಟ್ಟು ಬನ್ನಿ, ಮಕ್ಕಳ ಪಾಠ ನಿಲ್ತದೆ.